ತೆನೊಚ್ತಿತ್ಲಾನ್ ಎಂಬ ಯೋಧರ ಊರು: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಊರು? ನಿಜವಾಗಿ ಇತ್ತಾ?

ಇತ್ತು. ಗೇಮ್, ಕಾಮಿಕ್ಸ್, ಫ್ಯಾಂಟಸಿ ಕಾದಂಬರಿಗಳಲ್ಲಿ ಒಂದು ಕಾಲ್ಪನಿಕ ನಗರ ಆಗಾಗ ಬರುತ್ತದಲ್ಲ? ಗರಿ ತೊಟ್ಟ ಯೋಧರು, ಎತ್ತರದ ಮೆಟ್ಟಿಲುಗಳ ಗುಡಿ, ತುದಿಯಲ್ಲಿ ನರಬಲಿ. ಹೆಸರು ಏನೇ ಇಟ್ಟಿರಲಿ, ಹೆಚ್ಚಿನ ಸಲ ಮಾದರಿ ತೆನೊಚ್ತಿತ್ಲಾನ್. ಇವತ್ತಿನ ಮೆಕ್ಸಿಕೋ ಸಿಟಿಯ ನಡುಭಾಗ ಅದು. ಆಗ ತೆಸ್ಕೊಕೊ ಸರೋವರದ ಒಳಗಿನ ನಡುಗಡ್ಡೆ. ಸಂಪ್ರದಾಯದ ಪ್ರಕಾರ ಊರು ಹುಟ್ಟಿದ್ದು 1325ರಲ್ಲಿ. ಅಂದರೆ ನಮ್ಮ ವಿಜಯನಗರಕ್ಕಿಂತ ಹನ್ನೊಂದು ವರ್ಷ ಹಿರಿಯದು. ಅಲ್ಲಿ ಎರಡನೇ ಮೊಕ್ತೆಸುಮ ಆಳುತ್ತಿದ್ದಾಗ ಹಂಪಿಯಲ್ಲಿ ಕೃಷ್ಣದೇವರಾಯನಿದ್ದ. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಲ್ಲ.

ಊರಿನವರು ತಮ್ಮನ್ನು ಮೆಶೀಕ ಎಂದು ಕರೆದುಕೊಳ್ಳುತ್ತಿದ್ದರು. ಆಡುವ ನುಡಿ ನಹುವಾತ್ಲ್. ಅಜ್ಟೆಕ್ ಎಂಬ ಹೆಸರು ಎಲ್ಲ ಕಡೆ ಹರಡಿದ್ದು 19ನೇ ಶತಮಾನದಲ್ಲಿ. 1428ರಲ್ಲಿ ಮೆಶೀಕರು ಅಸ್ಕಪೊತ್ಸಾಲ್ಕೊ ಎಂಬ ಊರನ್ನು ಸೋಲಿಸಿ, ತೆಸ್ಕೊಕೊ ಮತ್ತು ತ್ಲಾಕೊಪಾನ್ ಜತೆ ಮೂರು ಊರುಗಳ ಕೂಟ ಕಟ್ಟಿಕೊಂಡರು. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ನಡೆದದ್ದೇ ನಾವು ಅಜ್ಟೆಕ್ ಸಾಮ್ರಾಜ್ಯ ಎನ್ನುವುದು.

ಅಲ್ಲಿನ ಗಂಡಸರೆಲ್ಲ ಸೈನಿಕರೇ?

ಎಲ್ಲರಿಗೂ ಯುದ್ಧದ ತರಬೇತಿ ಇತ್ತು. ಆದರೆ ಎಲ್ಲರ ಹೊಟ್ಟೆಪಾಡು ಯುದ್ಧ ಆಗಿರಲಿಲ್ಲ. ಬಹುಪಾಲು ಜನ ರೈತರು, ಮೀನುಗಾರರು, ಕುಶಲಕರ್ಮಿಗಳು. ಮಳೆಗಾಲದಲ್ಲಿ ಹೊಲ, ಸುಗ್ಗಿ ಮುಗಿದ ಮೇಲೆ ದಂಡಯಾತ್ರೆ. ಊರು ಕಲ್ಪುಲ್ಲಿ ಎಂಬ ಕೇರಿಗಳಾಗಿ ಹಂಚಿಕೊಂಡಿತ್ತು. ಜಮೀನು ಕೊಡುವುದೂ ಕೇರಿ, ಯುದ್ಧಕ್ಕೆ ಹುಡುಗರನ್ನು ಕಳಿಸುವುದೂ ಕೇರಿ. ಪಕ್ಕದ ಮನೆಯವನ ಪಕ್ಕದಲ್ಲೇ ನಿಂತು ಹೋರಾಡಬೇಕು. ಹೆದರಿ ಓಡಿದರೆ ಊರಿಗೆ ಬಂದು ಮುಖ ತೋರಿಸುವುದು ಕಷ್ಟ.

ಯೋಧನ ದರ್ಜೆ ಹೇಗೆ ಗೊತ್ತಾಗುತ್ತಿತ್ತು?

ಜೀವಂತ ಹಿಡಿದು ತಂದ ಸೆರೆಯಾಳುಗಳ ಲೆಕ್ಕದಿಂದ. ಈ ಊರನ್ನು ಅರ್ಥ ಮಾಡಿಕೊಳ್ಳಲು ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಎಷ್ಟು ಜನರನ್ನು ಕೊಂದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಹತ್ತು ವರ್ಷದ ಹೊತ್ತಿಗೆ ಹುಡುಗನಿಗೆ ತಲೆಯ ಹಿಂದೆ ಜುಟ್ಟು ಬಿಡುತ್ತಿದ್ದರು. ಮೊದಲ ಸೆರೆಯಾಳನ್ನು ಹಿಡಿಯುವ ತನಕ ಅದನ್ನು ಕತ್ತರಿಸುವಂತಿಲ್ಲ. ಯುದ್ಧಕ್ಕೆ ಹೋಗಿ ಹೋಗಿ ಬರಿಗೈಯಲ್ಲಿ ಬರುವವನ ಜುಟ್ಟು ಉದ್ದವಾಗುತ್ತಾ ಹೋಗುತ್ತದೆ, ಹುಡುಗಿಯರು ನಗುತ್ತಾರೆ. ನಾಲ್ಕಾರು ಜನ ಸೇರಿ ಒಬ್ಬನನ್ನು ಹಿಡಿದರೂ ಲೆಕ್ಕಕ್ಕೆ ಬರುತ್ತಿತ್ತು. ಆದರೆ ಯಾರು ಮೊದಲು ಕೈ ಹಾಕಿದ, ಎರಡನೆಯವ ಯಾರು ಎಂಬುದನ್ನೂ ಬರೆದಿಟ್ಟ ಹಾಗೆ ನೋಡಿಕೊಳ್ಳುತ್ತಿದ್ದರು. ಇನ್ನೊಬ್ಬನ ಸೆರೆಯಾಳನ್ನು ತನ್ನವನೆಂದು ಹೇಳಿಕೊಂಡರೆ ಮರಣದಂಡನೆ.

ಒಬ್ಬನೇ ಒಬ್ಬನನ್ನು ಹಿಡಿದರೆ ಹೂವಿನ ಚಿತ್ತಾರದ ಹೊದಿಕೆ ಸಿಗುತ್ತಿತ್ತು. ಇಬ್ಬರಾದರೆ ಮೈಗಂಟುವ ಯುದ್ಧದ ಅಂಗಿ ಮತ್ತು ಚೂಪು ಟೋಪಿ. ಮೂವರಾದರೆ ಬೆನ್ನಿಗೆ ಕಟ್ಟಿಕೊಳ್ಳುವ ಚಿಟ್ಟೆಯಾಕಾರದ ಲಾಂಛನ. ನಾಲ್ವರಾದರೆ ಜಾಗ್ವಾರ್ ಎಂಬ ಚಿರತೆಯಂಥ ಪ್ರಾಣಿಯ ವೇಷ. ಅದಕ್ಕೂ ಮೇಲೆ ಒತೊಮಿ, ಕ್ವಾಚಿಕ್ ಎಂಬ ದರ್ಜೆಗಳು. ಕ್ವಾಚಿಕ್‌ಗಳು ತಲೆ ಬೋಳಿಸಿ ನಡುವೆ ಒಂದು ಗೀಟು ಕೂದಲು ಬಿಡುತ್ತಿದ್ದರು. ಯುದ್ಧದಲ್ಲಿ ಒಂದು ಹೆಜ್ಜೆಯೂ ಹಿಂದೆ ಇಡುವುದಿಲ್ಲ ಎಂದು ಆಣೆ ಮಾಡಿದವರು ಅವರು.

ಇನ್ನೊಂದು ಮಜಾ ಇದೆ. ಎಲ್ಲ ಸೆರೆಯಾಳೂ ಸಮ ಅಲ್ಲ. ಕರಾವಳಿಯ ವಾಸ್ತೆಕರನ್ನು ಎಷ್ಟು ಹಿಡಿದರೂ ಅಷ್ಟೇನೂ ಹೆಸರಿಲ್ಲ. ಗಟ್ಟಿ ಯೋಧರೆಂದು ಹೆಸರಾದ ವೆಹೊತ್ಸಿಂಕೊ ಕಡೆಯವನೊಬ್ಬನನ್ನು ಹಿಡಿದರೆ ಊರೆಲ್ಲ ಅದೇ ಮಾತು.

ಹದ್ದು ಯೋಧ, ಜಾಗ್ವಾರ್ ಯೋಧ ಎಂದರೆ ಯಾರು? ಬಡವನೂ ಆಗಬಹುದಿತ್ತೇ?

ಸೈನ್ಯದ ಹೆಸರಾಂತ ಎರಡು ಬಳಗಗಳು. ಒಬ್ಬರ ಶಿರಸ್ತ್ರಾಣ ಹದ್ದಿನ ತಲೆ, ಮುಖ ಅದರ ತೆರೆದ ಕೊಕ್ಕಿನೊಳಗೆ. ಇನ್ನೊಬ್ಬರಿಗೆ ಮೈತುಂಬ ಜಾಗ್ವಾರ್ ಚುಕ್ಕೆ. ದೊಡ್ಡ ಗುಡಿಯ ಪಕ್ಕದ ಅಗೆತದಲ್ಲಿ ಸಿಕ್ಕ ಒಂದು ಕಟ್ಟಡಕ್ಕೆ ಹದ್ದುಗಳ ಮನೆ ಎಂದೇ ಹೆಸರು. ಅಲ್ಲಿ ಆಳೆತ್ತರದ ಮಣ್ಣಿನ ಹದ್ದು-ಮನುಷ್ಯರ ಮೂರ್ತಿಗಳು ಸಿಕ್ಕಿವೆ.

ಸಾಮಾನ್ಯ ಮನೆಯ ಹುಡುಗನೂ ಸಾಕಷ್ಟು ಸೆರೆಯಾಳುಗಳನ್ನು ತಂದರೆ ಮೇಲೇರಬಹುದಿತ್ತು. ಕಂದಾಯ ಮಾಫಿ, ಅರಮನೆಯಲ್ಲಿ ಊಟ, ಚಾಕೊಲೇಟ್ ಪಾನೀಯ ಕುಡಿಯುವ ಹಕ್ಕು ಎಲ್ಲ ಬರುತ್ತಿತ್ತು. ಹುಟ್ಟಿನಿಂದ ಶ್ರೀಮಂತನಾದವನಿಗೆ ಹೋಲಿಸಿದರೆ ಒಂದು ಕೈ ಕಡಿಮೆಯೇ, ಆದರೂ ದಾರಿ ತೆರೆದಿತ್ತು. ಯುದ್ಧಕ್ಕೆ ಹೋಗದವನು ರಾಜನ ಮನೆಯವನೇ ಆದರೂ ಒಳ್ಳೆ ಬಟ್ಟೆ, ಒಡವೆ ಹಾಕುವಂತಿಲ್ಲ ಎಂಬ ಕಟ್ಟಳೆಯನ್ನು ಮೊದಲ ಮೊಕ್ತೆಸುಮನ ಕಾಲದಲ್ಲಿ ತಂದರೆಂದು ದಾಖಲೆಗಳು ಹೇಳುತ್ತವೆ.

ಆಯುಧಗಳು?

ಮಕ್ವಾವಿತ್ಲ್ ಹೆಚ್ಚು ಪ್ರಸಿದ್ಧ. ಮರದ ಚಪ್ಪಟೆ ಗದೆ, ಎರಡೂ ಅಂಚಿಗೆ ಅಬ್ಸಿಡಿಯನ್ ಎಂಬ ಕಪ್ಪು ಜ್ವಾಲಾಮುಖಿ ಗಾಜಿನ ಅಲಗು. ವಿಪರೀತ ಹರಿತ, ಆದರೆ ಬೇಗ ಮುರಿಯುತ್ತದೆ. ಜತೆಗೆ ಈಟಿ, ಕವಣೆ, ಬಿಲ್ಲು, ಭರ್ಜಿಯನ್ನು ದೂರ ಎಸೆಯುವ ಅತ್ಲಾತ್ಲ್. ಮೈಗೆ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ. ಮುಂದೆ ಈ ಊರನ್ನು ಗೆದ್ದ ಸ್ಪೇನಿನವರಲ್ಲಿ ಎಷ್ಟೋ ಜನ ತಮ್ಮ ಕಬ್ಬಿಣದ ಕವಚ ಬಿಟ್ಟು ಇದನ್ನೇ ತೊಟ್ಟರು. ಸೆಖೆಗೂ ಸರಿ, ಬಾಣಕ್ಕೂ ಸರಿ.

ಹೂವಿನ ಯುದ್ಧ ಅಂದರೆ ಏನು? ಆಟವಾ?

ಆಟ ಅಲ್ಲ, ಜನ ಸಾಯುತ್ತಿದ್ದರು. ಎರಡೂ ಕಡೆಯವರು ದಿನ, ಜಾಗ ಗೊತ್ತು ಮಾಡಿಕೊಂಡು ಸೇರುತ್ತಿದ್ದ ಯುದ್ಧ ಅದು. ತ್ಲಾಶ್ಕಾಲ, ವೆಹೊತ್ಸಿಂಕೊ, ಚೊಲೂಲ ಊರುಗಳ ಜತೆ ಹೀಗೆ ವರ್ಷಗಟ್ಟಲೆ ನಡೆಯಿತು. 1450ರ ದಶಕದ ಭೀಕರ ಬರಗಾಲದ ನಂತರ, ದೇವರಿಗೆ ಬಲಿ ಸಾಲದೇ ಹೀಗಾಯಿತೆಂದು ಇದನ್ನು ಗಟ್ಟಿ ಮಾಡಿದರೆಂಬ ಮಾತಿದೆ. ಬಲಿಗೆ ಆಳು ಬೇಕು, ಹುಡುಗರಿಗೆ ಅಭ್ಯಾಸ ಬೇಕು ಎಂಬುದು ಹೇಳಿಕೊಳ್ಳುವ ಕಾರಣ. ಹಲವು ಇತಿಹಾಸಕಾರರಿಗೆ ಇದರಲ್ಲಿ ರಾಜಕೀಯ ಕಾಣುತ್ತದೆ. ಒಂದೇ ಏಟಿಗೆ ಗೆಲ್ಲಲಾಗದ ಶತ್ರುವನ್ನು ನಿಧಾನವಾಗಿ ಸವೆಸುವ ಉಪಾಯ. ನನಗೂ ಇದೇ ಸರಿ ಎನಿಸುತ್ತದೆ. ಯಾಕೆಂದರೆ ಆ ಹೊತ್ತಿಗೆ ತ್ಲಾಶ್ಕಾಲದ ಸುತ್ತ ಮೆಶೀಕರ ಹಿಡಿತ ಬಿಗಿಯಾಗಿತ್ತು, ಅವರಿಗೆ ಉಪ್ಪು, ಹತ್ತಿ ಸಿಗದಂತೆ ಮಾಡಿದ್ದರು.

ನರಬಲಿ ನಿಜವೇ? ಸ್ಪೇನಿನವರು ಕಟ್ಟಿದ ಕಥೆಯಲ್ಲವೇ?

ನಿಜ. ಸಂಖ್ಯೆಗಳ ಬಗ್ಗೆ ಮಾತ್ರ ಹುಷಾರಾಗಿರಬೇಕು. 1487ರಲ್ಲಿ ಅವಿತ್ಸೊತ್ಲ್ ದೊರೆ ದೊಡ್ಡ ಗುಡಿಯನ್ನು ಹಿಗ್ಗಿಸಿ ಕಟ್ಟಿದ ಸಂಭ್ರಮದಲ್ಲಿ ನಾಲ್ಕು ದಿನದಲ್ಲಿ 80,400 ಜನರನ್ನು ಬಲಿ ಕೊಟ್ಟರೆಂದು ಒಂದು ದಾಖಲೆ ಹೇಳುತ್ತದೆ. ಹಗಲು ರಾತ್ರಿ ನಿಲ್ಲಿಸದೆ ಮಾಡಿದರೂ ಗಂಟೆಗೆ ಎಂಟುನೂರಕ್ಕೂ ಜಾಸ್ತಿ ಆಗುತ್ತದೆ. ನಂಬುವ ಮಾತಲ್ಲ. ಹಾಗಂತ ಎಲ್ಲ ಸುಳ್ಳು ಅನ್ನುವಂತೆಯೂ ಇಲ್ಲ. 2015ರಲ್ಲಿ ಮೆಕ್ಸಿಕೋ ಸಿಟಿಯ ಗ್ವಾಟೆಮಾಲ ಬೀದಿಯಲ್ಲಿ ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿದ ದೊಡ್ಡ ಕಟ್ಟೆ ಸಿಕ್ಕಿತು. 2020ರ ಹೊತ್ತಿಗೆ ಅಲ್ಲಿ ಲೆಕ್ಕ ಹಾಕಿದ ಬುರುಡೆಗಳು 603. ಹೆಂಗಸರದ್ದೂ ಇವೆ, ಮಕ್ಕಳದ್ದೂ ಇವೆ.

ಅವರ ನಂಬಿಕೆ ಹೀಗಿತ್ತು: ದೇವತೆಗಳು ತಮ್ಮನ್ನೇ ಅರ್ಪಿಸಿಕೊಂಡು ಸೂರ್ಯನನ್ನು ಚಲಿಸುವಂತೆ ಮಾಡಿದರು. ಆ ಸಾಲ ತೀರಿಸುವ ಹೊಣೆ ಮನುಷ್ಯರದು. ರಾಜನಿಂದ ಹಿಡಿದು ಸಣ್ಣ ಹುಡುಗನವರೆಗೆ ಎಲ್ಲರೂ ಕತ್ತಾಳೆ ಮುಳ್ಳಿನಿಂದ ಕಿವಿ, ಮೀನಖಂಡ ಚುಚ್ಚಿಕೊಂಡು ರಕ್ತ ಕೊಡುತ್ತಿದ್ದರು. ದಿನನಿತ್ಯದ ಬಲಿ ಅಂದರೆ ಇದೇ. ಸಿನಿಮಾಗಳಿಗೆ ಇದು ಸಪ್ಪೆ, ಹಾಗಾಗಿ ತೋರಿಸುವುದಿಲ್ಲ.

ಸೆರೆಯಾಳನ್ನು ಹಿಡಿದವನು ಅವನನ್ನು ಮಗನೇ ಎನ್ನುತ್ತಿದ್ದ, ಸೆರೆಯಾಳು ಇವನನ್ನು ಅಪ್ಪಾ ಎನ್ನುತ್ತಿದ್ದ. ಬಲಿಯ ನಂತರ ಆ ಮಾಂಸವನ್ನು ಹಿಡಿದವನ ಮನೆಯಲ್ಲಿ ನೆಂಟರು ಮುಸುಕಿನ ಜೋಳದ ಜತೆ ಉಣ್ಣುತ್ತಿದ್ದರು. ಹಿಡಿದವನು ಮುಟ್ಟುತ್ತಿರಲಿಲ್ಲ. ನನ್ನನ್ನೇ ನಾನು ತಿನ್ನಲಾ ಎಂಬ ಭಾವನೆ. ಇಂದು ಅವನು, ನಾಳೆ ಬೇರೆ ಊರಿನಲ್ಲಿ ನಾನು ಎಂಬುದು ಇಬ್ಬರಿಗೂ ಗೊತ್ತು.

ವಸಂತದ ಒಂದು ಹಬ್ಬದಲ್ಲಿ ಹೆಸರಾಂತ ಸೆರೆಯಾಳುಗಳನ್ನು ದುಂಡು ಕಲ್ಲಿಗೆ ಹಗ್ಗದಿಂದ ಕಟ್ಟಿ, ಅಲಗಿನ ಬದಲು ಗರಿ ಅಂಟಿಸಿದ ಗದೆ ಕೊಟ್ಟು, ನಿಜವಾದ ಆಯುಧ ಹಿಡಿದ ನಾಲ್ವರು ಯೋಧರ ಎದುರು ಒಬ್ಬೊಬ್ಬರಾಗಿ ಬಿಡುತ್ತಿದ್ದರು. ತ್ಲಾಶ್ಕಾಲದ ತ್ಲವಿಕೋಲೆ ಎಂಬವನಿಗೆ ಎರಡನೇ ಮೊಕ್ತೆಸುಮ ಬಿಡುಗಡೆ ಕೊಡಲು ಬಂದರೂ ಒಪ್ಪದೆ ಈ ಕಲ್ಲಿನ ಮೇಲೇ ಹೋರಾಡಿ ಸತ್ತ ಎಂಬ ಕಥೆ ಇದೆ.

ಮಕ್ಕಳನ್ನು ಹೇಗೆ ಬೆಳೆಸುತ್ತಿದ್ದರು?

ಶಿಸ್ತು ಅಂದರೆ ಶಿಸ್ತು. ಸ್ಪೇನಿನವರು ಗೆದ್ದ ಸುಮಾರು ಎರಡು ದಶಕದ ನಂತರ ಬರೆಸಿದ ಒಂದು ಚಿತ್ರಪಟದಲ್ಲಿ ವಯಸ್ಸಿನ ಪ್ರಕಾರ ಎಲ್ಲವೂ ಇದೆ. ಮೂರು ವರ್ಷದ ಮಗುವಿಗೆ ಒಂದು ಹೊತ್ತಿಗೆ ಮುಸುಕಿನ ಜೋಳದ ಅರ್ಧ ರೊಟ್ಟಿ, ನಾಲ್ಕಕ್ಕೆ ಒಂದು, ಆರಕ್ಕೆ ಒಂದೂವರೆ, ಹದಿಮೂರಕ್ಕೆ ಎರಡು. ಶಿಕ್ಷೆಗೂ ಪಟ್ಟಿ ಇದೆ. ಒಂಬತ್ತರಲ್ಲಿ ಮಾತು ಕೇಳದಿದ್ದರೆ ಕತ್ತಾಳೆ ಮುಳ್ಳು. ಹನ್ನೊಂದರಲ್ಲಿ ಮೆಣಸಿನಕಾಯಿ ಘಾಟಿನ ಮೇಲೆ ಮುಖ ಹಿಡಿಸುವುದು.

ಹದಿನೈದರ ಹೊತ್ತಿಗೆ ಎಲ್ಲರಿಗೂ ಶಾಲೆ. ಸಾಮಾನ್ಯರ ಮಕ್ಕಳಿಗೆ ಕೇರಿಯ ತೆಲ್ಪೊಚ್ಕಾಲಿ: ಕಟ್ಟಿಗೆ ತರುವುದು, ಕಾಲುವೆ ತೋಡುವುದು, ಆಯುಧ ಹಿಡಿಯುವುದು. ಶ್ರೀಮಂತರ ಮಕ್ಕಳಿಗೆ ಕಲ್ಮೆಕಾಕ್: ಚಿತ್ರಲಿಪಿ, ಪಂಚಾಂಗ, ಚೆನ್ನಾಗಿ ಮಾತಾಡುವುದು, ಮಧ್ಯರಾತ್ರಿ ಎದ್ದು ತಣ್ಣೀರಿನ ಸ್ನಾನ. ಸಂಜೆ ಹುಡುಗ ಹುಡುಗಿಯರಿಗೆ ಹಾಡಿನ ಮನೆಯಲ್ಲಿ ಹಾಡು ಕುಣಿತ ಕಡ್ಡಾಯ. ಕುಣಿಯಲು ಬಾರದ ಯೋಧ ಅರ್ಧ ಯೋಧನೇ.

ಹೆಂಗಸರ ಸ್ಥಾನ ಏನು?

ಆಸ್ತಿ ಇಟ್ಟುಕೊಳ್ಳಬಹುದು, ಮಾರುಕಟ್ಟೆಯಲ್ಲಿ ಅಂಗಡಿ ಹಾಕಬಹುದು, ಸೂಲಗಿತ್ತಿ, ವೈದ್ಯೆ ಆಗಬಹುದು. ರಾಜನ ಗದ್ದುಗೆ ಇಲ್ಲ, ಸೈನ್ಯ ಇಲ್ಲ. ಆದರೆ ಹೆರಿಗೆಯೇ ಅವರಿಗೆ ಯುದ್ಧ. ಮಗು ಹುಟ್ಟಿದ ಕೂಡಲೆ ಸೂಲಗಿತ್ತಿ ಯುದ್ಧದ ಕೂಗು ಹಾಕುತ್ತಿದ್ದಳು, ತಾಯಿ ಒಬ್ಬ ಸೆರೆಯಾಳನ್ನು ಹಿಡಿದಳು ಎಂದು. ಗಂಡು ಮಗುವಿನ ಹೊಕ್ಕುಳಬಳ್ಳಿಯನ್ನು ಯೋಧರ ಕೈಗೆ ಕೊಟ್ಟು ರಣರಂಗದಲ್ಲಿ ಹೂಳಿಸುವುದು, ಹೆಣ್ಣು ಮಗುವಿನದನ್ನು ಒಲೆಯ ಬುಡದಲ್ಲಿ.

ಹೆರಿಗೆಯಲ್ಲಿ ಸತ್ತವಳು ಯುದ್ಧದಲ್ಲಿ ಸತ್ತ ಯೋಧನಿಗೆ ಸಮ. ಬೆಳಗಿನಿಂದ ಮಧ್ಯಾಹ್ನದವರೆಗೆ ಸೂರ್ಯನ ಜತೆ ಯೋಧರು ನಡೆಯುತ್ತಾರೆ, ಮಧ್ಯಾಹ್ನದಿಂದ ಮುಳುಗುವವರೆಗೆ ಈ ಹೆಂಗಸರು. ಅವಳ ಶವವನ್ನು ನಾಲ್ಕು ರಾತ್ರಿ ಕಾಯಬೇಕಿತ್ತು. ಯಾಕೆ ಗೊತ್ತಾ? ಅವಳ ಎಡಗೈ ನಡುಬೆರಳು, ಕೂದಲು ಗುರಾಣಿಗೆ ಕಟ್ಟಿಕೊಂಡರೆ ಧೈರ್ಯ ಬರುತ್ತದೆಂದು ಹುಡುಗ ಯೋಧರು ಕದಿಯಲು ಬರುತ್ತಿದ್ದರು.

ಮದುವೆ?

ಹಿರಿಯ ಹೆಂಗಸರು ಸಂಬಂಧ ಕುದುರಿಸುತ್ತಿದ್ದರು. ಮೊದಲು ಹುಡುಗನ ಮನೆಯವರು ಶಾಲೆಯ ಗುರುಗಳಿಗೆ ಊಟ ಹಾಕಿ, ಒಂದು ಕೊಡಲಿ ಮುಂದಿಟ್ಟು, ಹುಡುಗನನ್ನು ಬಿಟ್ಟುಕೊಡಿ ಎಂದು ಕೇಳಬೇಕು. ಮದುವೆಯ ರಾತ್ರಿ ಹುಡುಗಿಯನ್ನು ಬೆನ್ನ ಮೇಲೆ ಹೊತ್ತು, ಪಂಜಿನ ಬೆಳಕಿನಲ್ಲಿ ಗಂಡಿನ ಮನೆಗೆ ತರುತ್ತಾರೆ. ಒಲೆಯ ಮುಂದೆ ಚಾಪೆ ಹಾಸಿ ಕೂರಿಸಿ, ಅವನ ಹೊದಿಕೆಗೂ ಅವಳ ರವಿಕೆಗೂ ಗಂಟು ಹಾಕುತ್ತಾರೆ. ನಮ್ಮಲ್ಲಿ ಶಲ್ಯಕ್ಕೂ ಸೆರಗಿಗೂ ಗಂಟು ಹಾಕುವ ಹಾಗೆಯೇ. ಆಮೇಲೆ ಅತ್ತೆ ಸೊಸೆಗೆ ನಾಲ್ಕು ತುತ್ತು ತಿನ್ನಿಸುತ್ತಾಳೆ.

ಬಟ್ಟೆಗೂ ಕಾನೂನು ಇತ್ತಂತೆ?

ಇತ್ತು. ಹತ್ತಿ ಬಟ್ಟೆ ಮೇಲಿನವರಿಗೆ, ಕತ್ತಾಳೆ ನಾರಿನದು ಸಾಮಾನ್ಯರಿಗೆ. ಹೊದಿಕೆ ಮೊಣಕಾಲು ದಾಟುವಂತಿಲ್ಲ, ಕಾಲಿಗೆ ಯುದ್ಧದ ಗಾಯ ಇದ್ದವನಿಗೆ ಮಾತ್ರ ವಿನಾಯಿತಿ. ತುಟಿಯ ಒಡವೆ, ಗರಿ, ಬಣ್ಣ ಎಲ್ಲವೂ ದರ್ಜೆಯ ಪ್ರಕಾರ. ಬೀದಿಯಲ್ಲಿ ಎದುರು ಬಂದವನ ಇಡೀ ಜೀವನಚರಿತ್ರೆ ಅವನ ಬಟ್ಟೆ, ಕೂದಲಲ್ಲೇ ಗೊತ್ತಾಗುತ್ತಿತ್ತು. ಆದರೆ ಕಾನೂನು ಇದ್ದ ಮಾತ್ರಕ್ಕೆ ಎಲ್ಲರೂ ಪಾಲಿಸಿದರು ಎಂದಲ್ಲ. ಮೊರೆಲೋಸ್ ಕಡೆಯ ರೈತರ ಮನೆಗಳ ಅಗೆತದಲ್ಲಿ ಹತ್ತಿ ನೂಲುವ ಕದಿರಿನ ಬಿಲ್ಲೆಗಳು ಬೇಕಾದಷ್ಟು ಸಿಕ್ಕಿವೆ.

ಕುಡಿತ?

ಕತ್ತಾಳೆ ರಸ ಹುಳಿಸಿ ಮಾಡುವ ಪುಲ್ಕೆ ಇತ್ತು. ಮೊಮ್ಮಕ್ಕಳನ್ನು ಕಂಡ ಮುದುಕ ಮುದುಕಿಯರು ಎಷ್ಟು ಬೇಕಾದರೂ ಕುಡಿಯಬಹುದು. ಹಬ್ಬದಲ್ಲಿ ಉಳಿದವರಿಗೂ ಸ್ವಲ್ಪ. ಉಳಿದಂತೆ ಅಮಲೇರಿ ಸಿಕ್ಕಿಬಿದ್ದರೆ ತಲೆ ಬೋಳಿಸುವುದು, ಮನೆ ಕೆಡವುವುದು, ಕೊನೆಗೆ ಮರಣದಂಡನೆ. ಶ್ರೀಮಂತರಿಗೆ ಶಿಕ್ಷೆ ಇನ್ನೂ ಕಠಿಣ. ದೊಡ್ಡವರಿಗೆ ಜಾಸ್ತಿ ಶಿಕ್ಷೆ ಎಂಬ ಈ ನಿಯಮ ನನಗೆ ತುಂಬಾ ಇಷ್ಟ.

ಏನು ಉಣ್ಣುತ್ತಿದ್ದರು?

ನಾವು ಮುಸುಕಿನ ಜೋಳ ಅನ್ನುವುದೇ ಅವರ ಜೀವ. ಸುಣ್ಣದ ನೀರಿನಲ್ಲಿ ಬೇಯಿಸಿ, ಕಲ್ಲಿನ ಮೇಲೆ ಅರೆದು ರೊಟ್ಟಿ, ಕಡುಬು. ಜತೆಗೆ ಹುರುಳಿಕಾಯಿ ಜಾತಿಯ ಬೀನ್ಸ್, ಕುಂಬಳ, ಮೆಣಸಿನಕಾಯಿ, ಟೊಮೆಟೊ, ಟರ್ಕಿ ಕೋಳಿ, ಮೀನು. ಸರೋವರದ ಮೇಲಿನ ಪಾಚಿಯನ್ನೂ ಒಣಗಿಸಿ ಬಿಲ್ಲೆ ಮಾಡಿ ಮಾರುತ್ತಿದ್ದರು. ಇವತ್ತು ಸ್ಪಿರುಲಿನಾ ಎಂದು ಡಬ್ಬಿಯಲ್ಲಿ ಬರುವುದು ಅದೇ ಜಾತಿ. ಹೊಲ ಅಂದರೆ ಸರೋವರದ ಆಳವಿಲ್ಲದ ಕಡೆ ಕೆಸರು, ಜೊಂಡು ಪೇರಿಸಿ ಮಾಡಿದ ಚಿನಾಂಪ ಎಂಬ ಪಟ್ಟಿಗಳು. ವರ್ಷಕ್ಕೆ ಹಲವು ಬೆಳೆ.

ರಾಜಗಿರಿ ಕಾಳಿನ ಹಿಟ್ಟನ್ನು ಕಲಸಿ ಯುದ್ಧದೇವರು ವಿತ್ಸಿಲೊಪೊಚ್ತ್ಲಿಯ ಮೂರ್ತಿ ಮಾಡಿ, ಹಬ್ಬದಲ್ಲಿ ಮುರಿದು ಹಂಚಿ ತಿನ್ನುತ್ತಿದ್ದರು. ಉಪವಾಸದ ದಿನ ನಾವು ತಿನ್ನುವ ರಾಜಗಿರಿ ಉಂಡೆಯ ಕಾಳು ಅಮೆರಿಕದ ಕಡೆಯಿಂದಲೇ ಬಂದದ್ದು. ಮೆಣಸಿನಕಾಯಿ, ಟೊಮೆಟೊ, ಸಪೋಟ, ಬೇಲಿಯ ಕತ್ತಾಳೆ, ಕೊನೆಗೆ ಆಯುಧ ಪೂಜೆಗೆ ಗಾಡಿಗೆಲ್ಲ ಸುತ್ತುವ ಚೆಂಡುಹೂವೂ ಅಷ್ಟೇ. ಚೆಂಡುಹೂ ಅವರ ಹಬ್ಬಗಳಲ್ಲೂ ಮುಖ್ಯ ಹೂ.

ದುಡ್ಡು, ವ್ಯಾಪಾರ ಹೇಗಿತ್ತು?

ಪಕ್ಕದ ತ್ಲಾತೆಲೊಲ್ಕೊ ಮಾರುಕಟ್ಟೆಗೆ ದಿನಾ ಅರವತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆಂದು ಊರನ್ನು ಗೆದ್ದ ಸ್ಪೇನಿನ ದಂಡನಾಯಕ ಕೊರ್ತೇಸ್ ಬರೆದಿದ್ದಾನೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಚಿಲ್ಲರೆ ದುಡ್ಡು ಕೋಕೋ ಬೀಜ, ದೊಡ್ಡ ನೋಟು ಹತ್ತಿಯ ಹೊದಿಕೆ. ಸ್ಪೇನಿನವರು ಬಂದ ಮೇಲೆ 1545ರಲ್ಲಿ ತ್ಲಾಶ್ಕಾಲದಲ್ಲಿ ಬರೆದ ದರಪಟ್ಟಿ ಉಳಿದಿದೆ: ಒಳ್ಳೆ ಹೆಣ್ಣು ಟರ್ಕಿ ಕೋಳಿಗೆ 100 ಬೀಜ, ದೊಡ್ಡ ಟೊಮೆಟೊಗೆ ಒಂದು. ಖೋಟಾ ಬೀಜವೂ ಇತ್ತು, ಸಿಪ್ಪೆಯೊಳಗೆ ಹಿಟ್ಟು ತುಂಬಿ.

ದೂರದ ವ್ಯಾಪಾರ ಪೋಚ್ತೇಕ ಎಂಬ ಮನೆತನಗಳ ಕೈಲಿ. ಇವರು ಗೂಢಚಾರರೂ ಹೌದು. ಇವರನ್ನು ಕೊಂದರೆ ಅದೇ ಯುದ್ಧಕ್ಕೆ ಕಾರಣ. ಬೇಕಾದಷ್ಟು ಸಂಪತ್ತಿದ್ದರೂ ಸವೆದ ಬಟ್ಟೆ ಹಾಕಿ, ಸರಕನ್ನು ರಾತ್ರಿ ಹೊತ್ತು ಊರಿಗೆ ತರುತ್ತಿದ್ದರು. ಸೆರೆಯಾಳು ಹಿಡಿಯದವನು ಮೆರೆದರೆ ಯೋಧರ ಕಣ್ಣು ಕೆಂಪಾಗುತ್ತದಲ್ಲ.

ಅವರ ಪತೋಲ್ಲಿ ಆಟ ನಮ್ಮ ಪಗಡೆಯೇ?

ನೋಡಲು ಹಾಗೇ ಇದೆ. ಅಡ್ಡ ಉದ್ದ ಚಾಚಿದ ನಾಲ್ಕು ಕೈಗಳ ಹಾಸು, ದಾಳದ ಬದಲು ಗುರುತು ಹಾಕಿದ ಬೀನ್ಸ್ ಕಾಳು. 19ನೇ ಶತಮಾನದಲ್ಲಿ ಎಡ್ವರ್ಡ್ ಟೈಲರ್ ಎಂಬ ಮಾನವಶಾಸ್ತ್ರಜ್ಞ ಇದನ್ನೇ ಹಿಡಿದುಕೊಂಡು ಏಷ್ಯಾದಿಂದ ಅಮೆರಿಕಕ್ಕೆ ಆಟ ಹೋಗಿದೆ ಎಂದು ವಾದಿಸಿದ. ಈಗ ಎರಡೂ ಬೇರೆ ಬೇರೆಯಾಗಿ ಹುಟ್ಟಿದವು ಎಂದೇ ಹೆಚ್ಚಿನವರ ಅಭಿಪ್ರಾಯ. ಜೂಜಿನ ಹುಚ್ಚು ಮಾತ್ರ ಎರಡೂ ಕಡೆ ಒಂದೇ. ಪತೋಲ್ಲಿಯಲ್ಲಿ ಎಲ್ಲ ಸೋತು ತನ್ನನ್ನೇ ಪಣ ಇಟ್ಟು ಆಳಾದವರಿದ್ದರು. ಆಳಾಗುವುದು ಅಲ್ಲಿ ವಂಶಕ್ಕೆ ಅಂಟುತ್ತಿರಲಿಲ್ಲ, ಮಕ್ಕಳು ಸ್ವತಂತ್ರರು.

52 ವರ್ಷಕ್ಕೊಮ್ಮೆ ಏನಾಗುತ್ತಿತ್ತು?

ಅವರಿಗೆ ಎರಡು ಪಂಚಾಂಗ. ಒಂದು 365 ದಿನದ್ದು, ಇನ್ನೊಂದು 260 ದಿನದ್ದು. ಎರಡೂ ಮತ್ತೆ ಒಂದೇ ಜಾಗಕ್ಕೆ ಬರಲು 52 ವರ್ಷ. ಆ ರಾತ್ರಿ ಊರೆಲ್ಲ ಬೆಂಕಿ ಆರಿಸಿ, ಮಡಕೆ ಒಡೆದು, ಮಕ್ಕಳು ನಿದ್ದೆ ಹೋಗದಂತೆ ಎಬ್ಬಿಸಿಟ್ಟುಕೊಂಡು ಕಾಯುತ್ತಿದ್ದರು. ಗುಡ್ಡದ ಮೇಲೆ ಬಲಿಯಾಳಿನ ಎದೆಯ ಮೇಲೆ ಹೊಸ ಬೆಂಕಿ ಹೊತ್ತಿದರೆ ಲೋಕ ಉಳಿಯಿತು. ಕೊನೆಯ ಸಲ ಹೀಗೆ ಮಾಡಿದ್ದು 1507ರಲ್ಲಿ.

ಇಷ್ಟು ಬಲಿಷ್ಠ ಊರು ಕೆಲವೇ ನೂರು ಸ್ಪೇನಿಗರಿಗೆ ಸೋತದ್ದು ಹೇಗೆ?

ಕೆಲವೇ ನೂರು ಜನರಿಗೆ ಸೋಲಲಿಲ್ಲ. ಕೊರ್ತೇಸ್ ಜತೆ ತ್ಲಾಶ್ಕಾಲ ಮತ್ತಿತರ ಊರುಗಳ ಸಾವಿರಾರು ಯೋಧರಿದ್ದರು. ತಲೆಮಾರುಗಳ ಸಿಟ್ಟು ಅದು. 1520ರಲ್ಲಿ ಸಿಡುಬು ಬಂತು, ಹೊಸ ದೊರೆ ಕ್ವಿತ್ಲಾವಾಕ್‌ನನ್ನೂ ಕೊಂದಿತು. ಮುತ್ತಿಗೆಯಲ್ಲಿ ಅನ್ನ, ನೀರು ನಿಂತಿತು. 1521ರ ಆಗಸ್ಟ್ 13ರಂದು ಕೊನೆಯ ದೊರೆ ಕ್ವಾವ್ತೆಮೋಕ್ ಸೆರೆಯಾದ.

ಕೊಲ್ಲುವ ಬದಲು ಹಿಡಿಯಲು ಹೋಗಿ ಸೋತರು ಎನ್ನುವುದು ಅರ್ಧ ನಿಜ. ಒಮ್ಮೆ ಕೊರ್ತೇಸ್ ಅವರ ಕೈಗೇ ಸಿಕ್ಕಿದ್ದ. ಜೀವಂತ ಎಳೆದೊಯ್ಯಲು ನೋಡಿದರು, ಅಷ್ಟರಲ್ಲಿ ಅವನ ಕಡೆಯವರು ಬಿಡಿಸಿಕೊಂಡರು. ಕೊನೆಯ ದಿನಗಳಲ್ಲಿ ಅವಿತ್ಸೊತ್ಲ್ ದೊರೆಯ ಗರಿಗಳ ಗೂಬೆ ವೇಷವನ್ನು ಪೆಟ್ಟಿಗೆಯಿಂದ ತೆಗೆದು ಒಬ್ಬ ಯೋಧನಿಗೆ ತೊಡಿಸಿ ಕಳಿಸಿದರು. ಅದನ್ನು ಕಂಡು ಶತ್ರುಗಳು ಬೆದರಿದರೆಂದು ಮೆಶೀಕರೇ ಹೇಳಿದ್ದಾರೆ. ಊರು ಉಳಿಯಲಿಲ್ಲ.

ಇಂಥ ಒಂದು ಕಾಲ್ಪನಿಕ ಊರನ್ನು ಕಟ್ಟಿ ಕಥೆ ಬರೆಯಬೇಕು. ಏನು ಗಮನದಲ್ಲಿರಬೇಕು?

ರಕ್ತದಿಂದ ಶುರು ಮಾಡಬೇಡಿ, ಲೆಕ್ಕದಿಂದ ಶುರು ಮಾಡಿ. ನಿಮ್ಮ ಊರಿನಲ್ಲಿ ಮರ್ಯಾದೆ ಯಾವುದರಿಂದ ಸಿಗುತ್ತದೆ? ಅದನ್ನು ಒಂದು ಸಲ ನಿರ್ಧರಿಸಿದರೆ ಕೂದಲು, ಬಟ್ಟೆ, ಮದುವೆ, ಶಾಲೆ, ಶಿಕ್ಷೆ ಎಲ್ಲವೂ ಅದರ ಹಿಂದೆ ಬರುತ್ತವೆ. ಆ ಊರಿಗೆ ಅನ್ನ ಎಲ್ಲಿಂದ ಬರುತ್ತದೆ ಎಂಬುದನ್ನೂ ಬರೆಯಿರಿ. ಕಪ್ಪ ಕಾಣಿಕೆ ಕೊಡುವ ಊರುಗಳ ಸಿಟ್ಟು ಮರೆಯಬೇಡಿ. ಮಾಯಾ, ಇಂಕಾ, ಅಜ್ಟೆಕ್ ಮೂರನ್ನೂ ಕಲಸಿ ಒಂದೇ ಪಾತ್ರೆಗೆ ಹಾಕುವುದು ಗೇಮ್‌ಗಳ ಕೆಟ್ಟ ಚಾಳಿ. ಇಂಕಾಗಳು ಇದ್ದದ್ದು ಬೇರೆ ಖಂಡದಲ್ಲೇ. ಮತ್ತೆ, ಈ ಜನ ಅಳಿದುಹೋದವರು ಎಂದು ಬರೆಯಬೇಡಿ. ನಹುವಾತ್ಲ್ ಆಡುವವರು ಮೆಕ್ಸಿಕೋದಲ್ಲಿ ಈಗಲೂ ಹದಿನೈದು ಲಕ್ಷಕ್ಕೂ ಹೆಚ್ಚಿದ್ದಾರೆ.

ಈಗ ಹೋದರೆ ಏನು ನೋಡಬಹುದು?

ಮೆಕ್ಸಿಕೋ ಸಿಟಿಯ ದೊಡ್ಡ ಚರ್ಚಿನ ಪಕ್ಕದಲ್ಲೇ ದೊಡ್ಡ ಗುಡಿಯ ಅವಶೇಷ, ಮ್ಯೂಸಿಯಂ ಇವೆ. 1978ರಲ್ಲಿ ಕರೆಂಟ್ ಕೆಲಸದವರು ನೆಲ ಅಗೆಯುವಾಗ ಕೊಯೊಲ್ಶಾವ್ಕಿ ದೇವಿಯ ದುಂಡು ಕಲ್ಲು ಸಿಕ್ಕಿ, ಆಮೇಲೆ ಎದುವಾರ್ದೊ ಮಾತೋಸ್ ಮೊಕ್ತೆಸುಮ ಅವರ ನೇತೃತ್ವದಲ್ಲಿ ಅಗೆತ ನಡೆಯಿತು. ಅದೇ ಕಲ್ಲು ಮ್ಯೂಸಿಯಂನಲ್ಲಿದೆ. ಶೋಚಿಮಿಲ್ಕೊದಲ್ಲಿ ಚಿನಾಂಪ ಹೊಲಗಳ ನಡುವೆ ದೋಣಿಯಲ್ಲಿ ಸುತ್ತಬಹುದು, ವಾರದ ದಿನ ಹೋದರೆ ಗದ್ದಲ ಕಡಿಮೆ. ಮೊಕ್ತೆಸುಮನದು ಎಂದು ಪ್ರಸಿದ್ಧವಾದ ಗರಿಗಳ ಕಿರೀಟ ಮಾತ್ರ ಅಲ್ಲಿಲ್ಲ, ಆಸ್ಟ್ರಿಯಾದ ವಿಯೆನ್ನಾದಲ್ಲಿದೆ. ಅದು ನಿಜವಾಗಿ ಅವನದೇ ಎನ್ನಲು ಸಾಕ್ಷಿ ಇಲ್ಲ. ಮೆಕ್ಸಿಕೋದವರು ವಾಪಸ್ ಕೇಳುತ್ತಲೇ ಇದ್ದಾರೆ.